ಎರಡನೇ ಅಡ್ಡರಸ್ತೆ ಗುಂಪು: ರಾತ್ರಿಯ ಮಳೆ, ಗಟಾರ ಮತ್ತು ಮೆಕ್ಕೆಜೋಳ

ಮನೆ 22 (ಬೆಳಿಗ್ಗೆ 5:10)
ರಾತ್ರಿ ಎರಡು ಗಂಟೆಯಿಂದ ನಾನು, ಯಜಮಾನರು, ಮಕ್ಕಳು ಬಕೆಟ್ ಹಿಡಿದು ನೀರು ಎತ್ತಿ ಹಾಕ್ತಾ ಇದ್ದೇವೆ. ಹಾಲ್‌ನಲ್ಲಿ ಪಾದ ಮುಳುಗುವಷ್ಟು ನೀರು. ಅತ್ತೆಯನ್ನು ಮಂಚದ ಮೇಲೆ ಕೂರಿಸಿ ಮಂಚದ ಕೆಳಗೆ ಇಟ್ಟಿಗೆ ಕೊಟ್ಟಿದ್ದೇವೆ. 50 ಕೆ.ಜಿ. ಅಕ್ಕಿ ಚೀಲ ಪೂರ್ತಿ ನೆಂದಿದೆ. ಮಗಳ ರೆಕಾರ್ಡ್ ಪುಸ್ತಕ ಹೋಯಿತು. ನೀರಿನ ಜೊತೆ ಮೆಕ್ಕೆಜೋಳವೂ ಒಳಗೆ ಬಂದಿದೆ, ದೇವರ ಮನೆ ಹೊಸ್ತಿಲ ತನಕ. ಹೋದ ವರ್ಷ ಹೇಳಿದೆ, ನೀರು ಒಳಗೆ ಬರದ ಹಾಗೆ ಮಾಡಿ ಅಂತ. ಯುಗಾದಿ ಮೀಟಿಂಗಿನಲ್ಲೂ ಹೇಳಿದೆ. ಎಲ್ಲರೂ ತಲೆ ಆಡಿಸಿ ಕೋಸಂಬರಿ ತಿಂದು ಹೋದಿರಿ. ಇವತ್ತು ಯಾರಾದರೂ ಉತ್ತರ ಕೊಡಲೇಬೇಕು.

ಮನೆ 9 (5:31)
ಅಕ್ಕಾ, ಜೋಳ ನಮ್ಮದೇ. ಇಲ್ಲ ಅನ್ನಲ್ಲ. ನಾವೂ ಒಂದೂವರೆಯಿಂದ ರೋಡಿನಲ್ಲೇ ಇದ್ದೇವೆ. ನಲವತ್ತು ಕ್ವಿಂಟಲ್ ಹರವಿತ್ತು. ತಾಡಪಾಲು ಎಳೆಯುವಷ್ಟರಲ್ಲಿ ಗಾಳಿ ಕಿತ್ತುಕೊಂಡು ಹೋಯಿತು. ಎಷ್ಟು ಉಳಿದಿದೆ ಅಂತ ಬೆಳಕು ಹರಿದ ಮೇಲೆ ನೋಡಬೇಕು. ನಮ್ಮ ಹುಡುಗನನ್ನು ನಿಮ್ಮ ಮನೆಗೆ ಕಳಿಸಿದ್ದೇನೆ, ನೀರು ಎತ್ತಲಿಕ್ಕೆ.

ಮನೆ 22 (5:34)
ಹುಡುಗ ಬಂದಿದ್ದಾನೆ. ಪಾಪ, ಅವನೂ ನಡುಗ್ತಾ ಇದ್ದಾನೆ. ಆದರೆ ನನ್ನ ಪ್ರಶ್ನೆ ಹಾಗೇ ಇದೆ.

ಮಾಜಿ ಅಧ್ಯಕ್ಷರು (6:02)
ನಾನು ಮೊದಲಿನಿಂದ ಹೇಳಿಕೊಂಡು ಬಂದಿದ್ದೇನೆ. ರೋಡು ಕಣ ಅಲ್ಲ. ಜೋಳ ಜಾರದೇ ಇರಲಿ ಅಂತ ಗಟಾರದ ಅಂಚಿಗೆ ಉದ್ದಕ್ಕೂ ಕಲ್ಲು, ಚೀಲ ಇಡ್ತಾರೆ. ರವದಿ, ದಿಂಡು ಎಲ್ಲಾ ಗಟಾರಕ್ಕೆ. ಮೋರಿ ಬಾಯಿ ಮುಚ್ಚಿದ ಮೇಲೆ ನೀರು ಎಲ್ಲಿಗೆ ಹೋಗಬೇಕು? ತಗ್ಗಿನಲ್ಲಿರುವ 22ಕ್ಕೇ ಹೋಗುತ್ತದೆ. ಇನ್ನು ಮುಂದೆ ಈ ರಸ್ತೆಯಲ್ಲಿ ಒಂದು ಕಾಳು ಹರವುವ ಹಾಗಿಲ್ಲ. ಇದೇ ನಿರ್ಣಯ.

ಮಾಜಿ ಅಧ್ಯಕ್ಷರು (6:04)
ಹವಾಮಾನದವರೂ ಏನೂ ಹೇಳಿರಲಿಲ್ಲ. ಅವರು ಮಳೆ ಅಂದರೆ ಬಿಸಿಲು, ಬಿಸಿಲು ಅಂದರೆ ಮಳೆ. ಎಲ್ಲಾ ಸುಳ್ಳು.

ಮನೆ 9 (6:10)
ಅಧ್ಯಕ್ಷರೇ, ಊರಲ್ಲಿ ನಮ್ಮ ತಾತನ ಕಾಲದ ಕಣ ಇತ್ತು. ಸಗಣಿ ಸಾರಿಸಿ ಅಲ್ಲೇ ಒಕ್ಕುತ್ತಿದ್ದರು. ಪಾಲಾದಾಗ ಕಣವೂ ಪಾಲಾಯಿತು. ಈಗ ಅಲ್ಲಿ ಮನೆ ಇದೆ. ಕಾಳು ಒಣಗದಿದ್ದರೆ ಮಂಡಿಯಲ್ಲಿ ಕೈ ಹಾಕಿ ನೋಡಿ ಪಕ್ಕಕ್ಕೆ ಸರಿಸುತ್ತಾರೆ. ಕಾಳಿನ ಹಸಿ, ಅಂದರೆ ತೇವಾಂಶ, ನೂರಕ್ಕೆ 14ರ ಒಳಗೆ ಬರಬೇಕು. ಮುರಿದಾಗ 22, 24 ಇರುತ್ತದೆ. ಎಲ್ಲಿ ಒಣಗಿಸಲಿ ಹೇಳಿ.

ಮೇಷ್ಟ್ರು, ಮನೆ 13 (6:25)
ಎಲ್ಲರಿಗೂ ನಮಸ್ಕಾರ. ಮೊದಲು 22ರ ಅಕ್ಕನ ಮನೆಗೆ ಯಾರಾದರೂ ತಿಂಡಿ ಕಳಿಸಿ. ನಮ್ಮ ಮನೆಯಿಂದ ಉಪ್ಪಿಟ್ಟು ಬರ್ತಾ ಇದೆ.
ಅಂಗಳದಲ್ಲಿ ಖಾಲಿ ಡಬ್ಬ ಇತ್ತು, ನೇರ ಬದಿಯದು. ಸ್ಕೇಲ್ ಇಟ್ಟು ಅಳೆದೆ. 42 ಮಿ.ಮೀ. ಅದೂ ಒಂದೂವರೆ ಗಂಟೆಯಲ್ಲಿ. ಒಂದು ಮಿ.ಮೀ. ಮಳೆ ಅಂದರೆ ಒಂದು ಚದರ ಮೀಟರ್ ಮೇಲೆ ಒಂದು ಲೀಟರ್ ನೀರು. ನಮ್ಮ 30x40 ಸೈಟು ಸುಮಾರು 111 ಚದರ ಮೀಟರ್. ಲೆಕ್ಕ ಹಾಕಿದರೆ ಸೈಟಿಗೆ ಸುಮಾರು 4,700 ಲೀಟರ್. ಬೇಸಿಗೆಯಲ್ಲಿ ತರಿಸುತ್ತೇವಲ್ಲ, ಆ ಟ್ಯಾಂಕರ್ ಒಂದನ್ನು ಪ್ರತಿ ಮನೆ ಮೇಲೆ ಖಾಲಿ ಮಾಡಿದ ಹಾಗೆ. ಬರೀ ರವದಿಯಿಂದ ಆಗಿದ್ದಲ್ಲ ಇದು. ಆ ಗಟಾರ ಚೊಕ್ಕ ಇದ್ದರೂ ತುಂಬಿ ಹರಿಯುತ್ತಿತ್ತು.

ಮಾಜಿ ಅಧ್ಯಕ್ಷರು (6:28)
ಮೇಷ್ಟ್ರೇ ಡಬ್ಬದ ಲೆಕ್ಕ ಬೇಡ. ಕಣ್ಣಾರೆ ಕಂಡಿದ್ದು ಹೇಳಿ.

ಮೇಷ್ಟ್ರು, ಮನೆ 13 (6:41)
ಕಣ್ಣಾರೆ ಕಂಡಿದ್ದೇ ಹೇಳ್ತೇನೆ. ಮುನ್ಸೂಚನೆ ಇತ್ತು. ನಿನ್ನೆ ಮಧ್ಯಾಹ್ನ ನಾನೇ ಇಲ್ಲಿ ಹಾಕಿದ್ದೆ. ನಮ್ಮ ಜಿಲ್ಲೆಗೆ ಹಳದಿ ಎಚ್ಚರಿಕೆ. "ಒಂದೆರಡು ಕಡೆ ಗುಡುಗು ಸಹಿತ ಮಳೆ." ಅದರ ಕೆಳಗೆ ಮೂರು ಗುಡ್ ಮಾರ್ನಿಂಗ್ ಹೂವು ಬಂತು, ನನ್ನ ಸಂದೇಶ ಮೇಲೆ ಹೋಯಿತು.
ಹಳದಿ ಅಂದರೆ ಸಣ್ಣ ಮಳೆ ಅಂತಲ್ಲ. ಗಮನ ಇಟ್ಟಿರಿ ಅಂತ. ಕಿತ್ತಳೆ ಅಂದರೆ ಸಿದ್ಧವಾಗಿರಿ. ಕೆಂಪು ಅಂದರೆ ಈಗಲೇ ಏನಾದರೂ ಮಾಡಿ. ಇನ್ನು "ಒಂದೆರಡು ಕಡೆ" ಅನ್ನುವುದಕ್ಕೂ ಲೆಕ್ಕ ಇದೆ. ಆ ಭಾಗದ ಮಳೆ ಕೇಂದ್ರಗಳಲ್ಲಿ ಹೆಚ್ಚೆಂದರೆ ನಾಲ್ಕರಲ್ಲಿ ಒಂದಕ್ಕೆ ಮಳೆ. ಆ ಒಂದು ನಮ್ಮ ರಸ್ತೆ ಆಗುತ್ತದಾ, ಪಕ್ಕದ ಹೋಬಳಿ ಆಗುತ್ತದಾ ಅಂತ ಹಿಂದಿನ ದಿನ ಯಾರಿಗೂ ಹೇಳಲು ಆಗಲ್ಲ. ಗುಡುಗಿನ ಮೋಡ ಹುಟ್ಟಿ, ಸುರಿದು, ಮುಗಿಯುವುದು ಒಂದೆರಡು ಗಂಟೆಯ ಕೆಲಸ. ಅದಕ್ಕೇ ಇಲಾಖೆ ಮೂರು ಗಂಟೆಯ ಮುನ್ಸೂಚನೆ ಬೇರೆ ಕೊಡುತ್ತದೆ. ನಿನ್ನೆ ರಾತ್ರಿ ನೋಡಬೇಕಿದ್ದದ್ದು ಅದನ್ನು. ನಾನೂ ಮಲಗಿಬಿಟ್ಟಿದ್ದೆ. ಅದು ನನ್ನ ತಪ್ಪು.

ಮನೆ 9 (6:44)
ಮೇಷ್ಟ್ರೇ ನಿಮ್ಮ ಸಂದೇಶ ನಾನು ನೋಡಿದ್ದೆ. ನಾಲ್ಕು ದಿನದಿಂದ ಹಳದಿ ಅಂತಲೇ ಬರ್ತಾ ಇತ್ತು. ನಾಲ್ಕು ದಿನವೂ ಬಿಸಿಲು. ಮೂರು ರಾತ್ರಿ ಗುಡ್ಡೆ ಮಾಡಿ ಮುಚ್ಚಿದೆವು. ನಾಲ್ಕನೇ ರಾತ್ರಿ ಮೈ ಸೋತಿತ್ತು.

ಅಜ್ಜ, ಮನೆ 17 (6:58)
ಸ್ವಾತಿ ಮಳೆ ಹಾಗೇನೇ. ಹಿಂಗಾರಿ ಬಿಳಿಜೋಳಕ್ಕೆ, ಕಡಲೆಗೆ ಇದೇ ಮಳೆ ಬೇಕು. ಒಕ್ಕುವವನಿಗೆ ಬೇಡ. ಒಂದೇ ಮಳೆ ಒಬ್ಬರ ಹೊಲಕ್ಕೆ ಅನ್ನ, ಇನ್ನೊಬ್ಬರ ರಾಶಿಗೆ ಬೂಸಲು. 2021ರ ನವೆಂಬರ್ ನೆನಪಿದೆಯಾ? ವಾರಗಟ್ಟಲೆ ಸೂರ್ಯ ಕಾಣಲಿಲ್ಲ. ತೆನೆಯಲ್ಲೇ ರಾಗಿ ಮೊಳಕೆ ಬಂತು.

ಕಿರಾಣಿ ಅಂಗಡಿ (7:05)
*ಫಾರ್ವರ್ಡ್* ಎಚ್ಚರ!! ಮುಂದಿನ 72 ಗಂಟೆ ಭೀಕರ ಚಂಡಮಾರುತ!! ಯಾರೂ ಮನೆಯಿಂದ ಹೊರಬರಬೇಡಿ!! ಹತ್ತು ಗುಂಪಿಗೆ ಕಳಿಸಿ ಜೀವ ಉಳಿಸಿ!!

ಮೇಷ್ಟ್ರು, ಮನೆ 13 (7:08)
ದಯವಿಟ್ಟು ಅಳಿಸಿ. ಇದರಲ್ಲಿ ತಾರೀಖು ಇಲ್ಲ, ಜಿಲ್ಲೆ ಇಲ್ಲ, ಕೊಟ್ಟವರು ಯಾರು ಅಂತಿಲ್ಲ. ಇಂಥದ್ದು ದಿನಾ ಬಂದು ಬಂದೇ ನಿಜವಾದ ಎಚ್ಚರಿಕೆಯನ್ನು ಯಾರೂ ಓದುವುದಿಲ್ಲ.

ಕಿರಾಣಿ ಅಂಗಡಿ (7:10)
ಆಯ್ತು ಮೇಷ್ಟ್ರೇ, ತೆಗೆದೆ. ಅಂಗಡಿ ಮುಂದೆ ಕೋಳಿಗಳು ಬಂದು ಸಾಲಾಗಿ ನಿಂತಿವೆ. ಅವಕ್ಕೆ ಮಾತ್ರ ಇವತ್ತು ಹಬ್ಬ 🐓🐓🐓

ಮನೆ 9 (7:11)
ಅಣ್ಣಾ, ಇವತ್ತು ಬೇಡ.

ಕಿರಾಣಿ ಅಂಗಡಿ (7:12)
ತಪ್ಪಾಯಿತು ಅಣ್ಣಾ. ಖಾಲಿ ಚೀಲ ಎಷ್ಟು ಬೇಕಾದರೂ ತಗೊಂಡು ಹೋಗು. ದುಡ್ಡು ಬೇಡ.

ಮನೆ 31ರ ಮಗ, ಬೆಂಗಳೂರಿನಿಂದ (7:40)
ಅಪ್ಪ ಈಗ ಫೋನ್ ಮಾಡಿದರು. ಅಣ್ಣಾ, ಬೆಳೆ ವಿಮೆ ಕಟ್ಟಿದ್ದೀರಲ್ಲ? 72 ಗಂಟೆಯೊಳಗೆ ತಿಳಿಸಿದರೆ ಪರಿಹಾರ ಬರುತ್ತದೆ ಅಂತ ಓದಿದ್ದೇನೆ.

ಮನೆ 5, ಬ್ಯಾಂಕ್ (7:52)
72 ಗಂಟೆ ಸರಿ. ಆದರೆ ಕೊಯ್ಲಿನ ನಂತರದ ನಷ್ಟ ಅಂದರೆ ಕೊಯ್ದು ಹೊಲದಲ್ಲೇ ಒಣಗಲು ಬಿಟ್ಟ ಬೆಳೆಗೆ ಮಾತ್ರ, ಅದೂ ಕೊಯ್ದ 14 ದಿನದೊಳಗೆ. ಕಾಳು ಬಿಡಿಸಿ ಬಡಾವಣೆಯ ರೋಡಿಗೆ ತಂದ ಮೇಲೆ ಅದರಲ್ಲಿ ಬರುವುದಿಲ್ಲ. ಹೇಳಲು ನನಗೂ ಬೇಜಾರು. ಹೊಲದಲ್ಲಿ ಇನ್ನೂ ಮುರಿದು ಹಾಕಿದ ತೆನೆ ಇದ್ದು ನೆಂದಿದ್ದರೆ ಮಾತ್ರ ಇವತ್ತೇ ಫೋಟೋ ತೆಗೆದು ದೂರು ದಾಖಲಿಸಿ. ಸರ್ವೆ ನಂಬರ್ ಇಟ್ಟುಕೊಂಡು ಬನ್ನಿ, ನಾನು ತುಂಬಿ ಕೊಡುತ್ತೇನೆ.

ಮನೆ 9 (7:55)
ಒಂದೆಕರೆ ಇನ್ನೂ ಹೊಲದಲ್ಲಿದೆ ಸರ್. ಹತ್ತು ಗಂಟೆಗೆ ಬರ್ತೇನೆ.

ಮಾಜಿ ಅಧ್ಯಕ್ಷರು (8:15)
ವಿಷಯ ಎಲ್ಲೆಲ್ಲೋ ಹೋಗ್ತಿದೆ. ನಿರ್ಣಯಕ್ಕೆ ಎಲ್ಲರೂ ಒಪ್ಪಿಗೆ ಅಂತ ತಿಳಿದುಕೊಂಡಿದ್ದೇನೆ. ರೋಡಿನಲ್ಲಿ ಜೋಳ ಬಂದ್.

ಮನೆ 28 (8:19)
ನಾನು ಒಪ್ಪಿಲ್ಲ. ಅಧ್ಯಕ್ಷರೇ, ನಿಮ್ಮ ಕಾರು ಹತ್ತಿಸಲು ಗಟಾರದ ಮೇಲೆ ಹನ್ನೆರಡು ಅಡಿ ಕಾಂಕ್ರೀಟ್ ಹಾಕಿದ್ದೀರಿ. ಅದರ ಕೆಳಗೆ ಕೈ ಹೋಗಲ್ಲ, ಗುದ್ದಲಿ ಹೋಗಲ್ಲ. ಹೂಳು ತೆಗೆಯಲು ಬಂದವರು ಪ್ರತಿ ಸಲ ಅಲ್ಲಿಗೇ ನಿಲ್ಲಿಸಿ ವಾಪಸ್ ಹೋಗುತ್ತಾರೆ.

ಮಾಜಿ ಅಧ್ಯಕ್ಷರು (8:20)
ಅದು ಅನುಮತಿ ಪಡೆದು ಹಾಕಿದ್ದು.

ಮಾಜಿ ಅಧ್ಯಕ್ಷರು (8:20)
ಎಲ್ಲರ ಮನೆ ಮುಂದೂ ಇದೆ. ನನ್ನದೊಂದೇ ಯಾಕೆ ಕಾಣುತ್ತದೆ?

ಮಾಜಿ ಅಧ್ಯಕ್ಷರು (8:21)
ಈ ಬಡಾವಣೆಗೆ ಬೋರ್‌ವೆಲ್ ತಂದವನು ನಾನು. ಟಾರು ಹಾಕಿಸಿದವನು ನಾನು.

ಮನೆ 28 (8:24)
ಟಾರಿನ ಮೇಲೆ ಟಾರು ಹಾಕಿಸಿ ರಸ್ತೆ ಅರ್ಧ ಅಡಿ ಎತ್ತರ ಆಗಿದೆ. 22ರ ಮನೆ ಕಟ್ಟಿದಾಗ ಮೂರು ಮೆಟ್ಟಿಲು ಇದ್ದವು. ಈಗ ಎರಡು ಕಾಣುತ್ತವೆ. ನೀರು ಒಳಗೆ ಬರದೇ ಏನಾಗುತ್ತದೆ?

ಮನೆ 22 (8:26)
ನಾನು ಮೆಟ್ಟಿಲು ಎಣಿಸಿ ಅನ್ನಲಿಲ್ಲ. ಜೋಳದ ಅಣ್ಣನನ್ನು ಓಡಿಸಿ ಅಂತಲೂ ಅನ್ನಲಿಲ್ಲ. ಮತ್ತೆ ನೀರು ಬರದ ಹಾಗೆ ಮಾಡಿ ಅಂದೆ ಅಷ್ಟೇ.

ಮೇಷ್ಟ್ರು, ಮನೆ 13 (9:00)
ಅಕ್ಕ ಹೇಳಿದ್ದು ಸರಿ. ನನಗೆ ತೋಚಿದ್ದು ಬರೆಯುತ್ತೇನೆ. ಶಾಲೆಗೆ ಹೋಗುವ ಮುಂಚೆ ಒಪ್ಪಿಗೆ ಹೇಳಿ.
ಜೋಳ ಹರವಲಿ. ಆದರೆ ರಸ್ತೆಯ ಎತ್ತರದ ಬದಿಗೆ ಮಾತ್ರ, ಗಟಾರದಿಂದ ಮೂರು ಅಡಿ ಬಿಟ್ಟು. ಅಂಚಿಗೆ ಕಲ್ಲು ಬೇಡ. ಕತ್ತಲಾಗುವ ಮುಂಚೆ ಗುಡ್ಡೆ ಮಾಡಿ ಮುಚ್ಚಬೇಕು, ಆಕಾಶ ಹೇಗೇ ಇರಲಿ. ಆ ಹೊತ್ತಿಗೆ ಪ್ರತಿ ಮನೆಯಿಂದ ಒಬ್ಬರು ಹತ್ತು ನಿಮಿಷ ಬಂದರೆ ನಲವತ್ತು ಕ್ವಿಂಟಲ್ ದೊಡ್ಡ ಕೆಲಸ ಅಲ್ಲ.
ಮಳೆ ನೋಡುವ ಕೆಲಸ ಪಾಳಿ ಪ್ರಕಾರ ಆಗಲಿ. ರಾತ್ರಿ ಹತ್ತಕ್ಕೆ ಒಮ್ಮೆ, ಮಲಗುವ ಮುಂಚೆ ಒಮ್ಮೆ. ಮೇಘದೂತ್ ಆ್ಯಪ್‌ನಲ್ಲಿ ಐದು ದಿನದ ಮುನ್ಸೂಚನೆ, ಬೆಳೆ ಸಲಹೆ ಇರುತ್ತದೆ. ಸಲಹೆ ಬದಲಾಗುವುದು ಮಂಗಳವಾರ ಮತ್ತು ಶುಕ್ರವಾರ. ಅದನ್ನು ನೋಡಿ ತೆನೆ ಯಾವಾಗ ಮುರಿಯಬೇಕು ಅಂತ ಯೋಚನೆ ಮಾಡಬಹುದು. ರಾತ್ರಿಯ ಗುಡುಗಿಗೆ ಅದು ಸಾಲದು. ಸಿಡಿಲಿಗೆ ದಾಮಿನಿ ಆ್ಯಪ್ ಇದೆ, ಸುತ್ತಮುತ್ತ ಸಿಡಿಲು ಬಡಿಯುತ್ತಿದ್ದರೆ ತೋರಿಸುತ್ತದೆ. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ಮಳೆ ಮಾಪಕ ಪಂಚಾಯಿತಿ ಪಂಚಾಯಿತಿಯಲ್ಲೂ ಇದೆ. ಪಶ್ಚಿಮದ ಪಂಚಾಯಿತಿಯಲ್ಲಿ ಸುರಿಯಲು ಶುರುವಾದರೆ ನಮಗೆ ಸ್ವಲ್ಪ ಸಮಯ ಸಿಗಬಹುದು. ಎಚ್ಚರಿಕೆ ಬಂದರೆ ಗುಂಪಿಗೆ ಹಾಕಬೇಡಿ, ಫೋನ್ ಮಾಡಿ. ಮಲಗಿದವರು ಸಂದೇಶ ಓದಲ್ಲ.
ಸಿಡಿಲು ಹೊಡೆಯುತ್ತಿದ್ದರೆ ಮಾತ್ರ ಯಾರೂ ರಾಶಿ ಹತ್ತಿರ ನಿಲ್ಲಬಾರದು. ಜೋಳ ಹೋದರೆ ಹೋಗಲಿ.

ಮನೆ 9 (9:03)
ಎಲ್ಲದಕ್ಕೂ ಒಪ್ಪಿಗೆ ಮೇಷ್ಟ್ರೇ. ಕಲ್ಲು ಇವತ್ತೇ ತೆಗೆಯುತ್ತೇನೆ. ಮೊದಲ ವಾರದ ಪಾಳಿ ನನಗೇ ಹಾಕಿ.

ಮನೆ 5, ಬ್ಯಾಂಕ್ (9:04)
👍

ಮಾಜಿ ಅಧ್ಯಕ್ಷರು (9:10)
ಪಾಳಿ ಗೀಳಿ ಎಲ್ಲಾ ಭಾನುವಾರದ ಮೀಟಿಂಗಿನಲ್ಲಿ ಮಾತಾಡೋಣ. ಗುಂಪಿನಲ್ಲಿ ತೀರ್ಮಾನ ಮಾಡುವ ಪದ್ಧತಿ ಇಲ್ಲ.

ಮನೆ 28 (9:11)
ಆರು ಗಂಟೆಗೆ ನೀವೇ ನಿರ್ಣಯ ಮಾಡಿದಿರಿ.

ಮನೆ 40 (9:15)
ಭಾನುವಾರ ಎರಡು ಮದುವೆ ಇವೆ. ನಾವು ಇರಲ್ಲ.

ಮನೆ 31ರ ಮಗ, ಬೆಂಗಳೂರಿನಿಂದ (9:20)
ಜೋಳ ಸರ್ಕಾರ ಖರೀದಿ ಮಾಡಲ್ವಾ? 2025-26ಕ್ಕೆ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ಇತ್ತಲ್ವಾ?

ಮನೆ 9 (9:24)
ಬೆಲೆ ಕಾಗದದಲ್ಲಿ ಇದೆ ತಮ್ಮಾ. ಮಂಡಿಯಲ್ಲಿ ಒಣಗಿದ ಕಾಳಿಗೇ ಅಷ್ಟು ಸಿಗ್ತಿಲ್ಲ. ನೆಂದಿದ್ದಕ್ಕೆ ಯಾರು ಕೊಡ್ತಾರೆ? ಎರಡು ದಿನ ಬಿಸಿಲು ಬಿದ್ದರೆ ಸ್ವಲ್ಪ ಉಳಿಯುತ್ತದೆ. ಬೂಸಲು ಹಿಡಿದರೆ ಕೋಳಿ ಆಹಾರದವರೂ ಮುಟ್ಟಲ್ಲ. ರಾತ್ರಿ ಬೆಳಕಿದ್ದಿದ್ದರೆ ಇಷ್ಟು ಹೋಗ್ತಿರಲಿಲ್ಲ. ತಾಡಪಾಲಿನ ತುದಿಯೇ ಕಾಣಲಿಲ್ಲ. ಕಂಬದ ದೀಪ ಹೋಗಿ ಮೂರು ವಾರ ಆಯಿತು.

ಮನೆ 40 (9:26)
ಹೌದು ಹೌದು! ದೀಪ ಇಲ್ಲದೆ ಮೊನ್ನೆ ನಮ್ಮ ಅಮ್ಮ ಎಡವಿ ಬಿದ್ದರು.

ಕಿರಾಣಿ ಅಂಗಡಿ (9:27)
ಕತ್ತಲಲ್ಲಿ ನಾಯಿ ಕಾಟ ಬೇರೆ. ಅಂಗಡಿ ಮುಚ್ಚಿ ಬರಲು ಭಯ ಆಗುತ್ತದೆ.

ಮಾಜಿ ಅಧ್ಯಕ್ಷರು (9:28)
ದೀಪದ ವಿಷಯ ನನಗೆ ಬಿಡಿ. ಇವತ್ತೇ ಮಾಡಿಸುತ್ತೇನೆ. ಮನೆಗೆ ನೂರು ರೂಪಾಯಿ ಕೊಡಿ. ರಾಜ್ಯೋತ್ಸವಕ್ಕೂ ಬೆಳಕು ಬೇಕಲ್ಲ.

ಮನೆ 19, ಲೈನ್‌ಮನ್ (9:35)
ಯಾರೂ ಕಂಬ ಹತ್ತಬೇಡಿ, ಮಳೆಗೆ ಕಂಬ ಹಸಿ ಇದೆ. ಇಲಾಖೆಯವರು ಬರುವ ತನಕ ಗಣಪತಿ ಗುಡಿ ಗೋಡೆಗೆ ಒಂದು ದೊಡ್ಡ ಎಲ್‌ಇಡಿ ಹಾಕೋಣ. ಗುಡಿ ಮೀಟರಿನಿಂದ ವೈರ್ ಎಳೆದು ಕೊಡುತ್ತೇನೆ.

ಮನೆ 28 (9:36)
ನೂರು ಕಳಿಸಿದೆ.

ಮನೆ 40 (9:36)
ಕಳಿಸಿದೆ 🙏

ಮನೆ 5, ಬ್ಯಾಂಕ್ (9:38)
ಕಳಿಸಿದ್ದೇನೆ. ಪಾಳಿಯ ಪಟ್ಟಿ ಯಾರು ಬರೆಯುತ್ತಾರೆ?

ಮಾಜಿ ಅಧ್ಯಕ್ಷರು (9:39)
ಇದುವರೆಗೆ 1,100 ಬಂತು. ದೀಪ ಬಿಳಿ ಬೇಕಾ, ಹಳದಿ ಬೇಕಾ? ಬೇಗ ಹೇಳಿ.

ಮನೆ 40 (9:40)
ಬಿಳಿ.

ಕಿರಾಣಿ ಅಂಗಡಿ (9:40)
ಹಳದಿಗೆ ಹುಳ ಕಡಿಮೆ.

ಮನೆ 22 (ಮಧ್ಯಾಹ್ನ 2:50)
ಗಟಾರ ನೋಡಲು ಇವತ್ತು ಯಾರೂ ಬರಲಿಲ್ಲ. ಮೋರಿ ಬಾಯಿಯನ್ನು ನಮ್ಮ ಯಜಮಾನರು, 9ರ ಹುಡುಗ ಸೇರಿ ತೆಗೆದಿದ್ದಾರೆ. ಮೂರು ಪುಟ್ಟಿ ರವದಿ, ಒಂದು ಚಾಪೆ, ಎಷ್ಟೋ ಪ್ಲಾಸ್ಟಿಕ್. ಚಾಪೆ ಯಾರದ್ದು ಅಂತ ಕೇಳುವುದಿಲ್ಲ.
ಮೇಷ್ಟ್ರೇ, ಅಕ್ಕಿಯನ್ನು ಟೆರೇಸ್ ಮೇಲೆ ಹರವಿದ್ದೇನೆ. ಪಶ್ಚಿಮಕ್ಕೆ ಮೋಡ ಏಳ್ತಾ ಇದೆ. ಸಂಜೆ ಬರುತ್ತದಾ?

ಮನೆ 9 (2:54)
ಮೇಷ್ಟ್ರು ಪಾಠದಲ್ಲಿ ಇರಬೇಕು ಅಕ್ಕಾ. ಆ ಮೂರು ಗಂಟೆಯ ಮುನ್ಸೂಚನೆ ನಾನು ನೋಡಿದೆ, ಹಳದಿ ಇದೆ. ನಮ್ಮ ಚಿಕ್ಕ ತಾಡಪಾಲು ಕಳಿಸ್ತೇನೆ. ಮೂಲೆಗೆ ಇಟ್ಟಿಗೆ ಇಡಿ, ಗಾಳಿ ಜಾಸ್ತಿ ಇದೆ.

ಮಾಜಿ ಅಧ್ಯಕ್ಷರು (2:57)
ಬಿಳಿ ಎಲ್‌ಇಡಿ ತಂದಾಯಿತು. ಏಣಿ ಯಾರ ಮನೆಯಲ್ಲಿದೆ?