ರೇಡಿಯೊಕ್ಕ ಖಯಾಲ್, ತತ್ವಪದ ರೆಕಾರ್ಡ್ ಮಾಡೋದು: ತಂಬೂರಿ ನಾದ ಯಾಕ ಕೆಡ್ತದ?

ಕಲಬುರಗಿ_ಕೇಳುಗ:
ಸಮುದಾಯ ರೇಡಿಯೊದಾಗ ವಾರಕ್ಕೊಮ್ಮೆ ಅರ್ಧ ತಾಸಿನ ಕಾರ್ಯಕ್ರಮ ಶುರು ಮಾಡ್ಲತ್ತೀವಿ. ಕಲಬುರಗಿ, ಬೀದರ, ಯಾದಗಿರಿ ಕಡಿ ಹಿಂದೂಸ್ತಾನಿ ಗಾಯಕರು ಖಯಾಲ್ (ರಾಗ ವಿಸ್ತರಿಸಿ ಹಾಡೋ ಪ್ರಕಾರ), ತತ್ವಪದದವರು ಅನುಭಾವದ ಪದ ಹಾಡ್ತಾರ. ನಿರೂಪಣೆ ಬಿಟ್ಟು ಸಂಗೀತಕ್ಕ 26 ನಿಮಿಷ. ಫ್ಯಾನಿನ ಸಪ್ಪಳ ತೆಗಿಲಾಕ ಸಾಫ್ಟ್‌ವೇರ್ ಹಚ್ಚಿದ್ರ ತಂಬೂರಿ ನೀರಾಗ ಮುಳುಗಿದಂಗ ಕೇಳ್ತದ. ಹಾರ್ಮೋನಿಯಂ ಗಾಯಕರ ದನಿ ಮುಚ್ಚತದ. ವೇಳೆಗೆ ಹೊಂದ್ಸಲಾಕ ಕತ್ತರಿಸಿದ ಜಾಗ ಗೊತ್ತಾಗ್ತದ. ನಾಲ್ಕು ಮೈಕು, ಒಂದು ಸಣ್ಣ ಮಿಕ್ಸರ್ ಅದ. ತಿಳಿದವರು ಹೇಳ್ರಿ.

ಜವಾರಿ:
ಆ ಸಾಫ್ಟ್‌ವೇರ್ ಎಡೆಬಿಡದೆ ಬರುವ ಶಬ್ದವನ್ನೆಲ್ಲ ಗದ್ದಲವೆಂದೇ ಲೆಕ್ಕ ಹಾಕುತ್ತದೆ. ತಂಬೂರಿ ಎಡೆಬಿಡದೆ ನುಡಿಯುವ ವಾದ್ಯ, ಹಾಗಾಗಿ ಜವಾರಿಯಿಂದ (ತಂತಿ ಕುದುರೆಗೆ ತಾಗುವ ಬಗೆಯಿಂದ) ಏಳುವ ಸೂಕ್ಷ್ಮ ನಾದವೇ ಮೊದಲು ಹೋಗುತ್ತದೆ. ಅದನ್ನು ಬಳಸಲೇಬೇಡಿ. ಕೋಣೆಯನ್ನು ಮೊದಲೇ ತಂಪು ಮಾಡಿ, ಹಾಡುವಾಗ ಫ್ಯಾನ್, ಎ.ಸಿ. ಎರಡೂ ಬಂದ್ ಇರಲಿ. ನಮ್ಮ ಏಪ್ರಿಲ್-ಮೇ ಬಿಸಿಲಿಗೆ ಇದು ಕಷ್ಟವೇ. ಒಣ ಬಿಸಿಗೆ ತಬಲಾದ ಚರ್ಮ ಬಿಗಿದು ಸ್ವರ ಏರುತ್ತದೆ, ಆದ್ದರಿಂದ ಎ.ಸಿ. ಆರಿಸಿ ಸ್ವಲ್ಪ ಹೊತ್ತು ಬಿಟ್ಟು ಶ್ರುತಿ ಮಾಡಿಸಿ.

ಗಾಯಕರ ಮೈಕು ಬಾಯಿಂದ ಒಂದು ಅಡಿ ದೂರ, ಸ್ವಲ್ಪ ಓರೆ. ಕಾರ್ಡಿಯಾಯ್ಡ್ (ಮುಂಬದಿಯ ಶಬ್ದವನ್ನೇ ಹೆಚ್ಚು ಹಿಡಿಯುವ) ಮೈಕು ಹಿಂಬದಿಯ ಶಬ್ದವನ್ನು ಬಹಳ ಕಡಿಮೆ ಹಿಡಿಯುತ್ತದೆ. ಆ ಹಿಂಬದಿ ಹಾರ್ಮೋನಿಯಂ ಕಡೆಗೆ ಬರುವಂತೆ ತಿರುಗಿಸಿದರೆ ನಿಮ್ಮ ಎರಡನೆಯ ತೊಂದರೆ ಅರ್ಧ ಕಡಿಮೆ. ಉಳಿದರ್ಧಕ್ಕೆ, ಒಂದೇ ಸಾಲಿನ ರೀಡು ತೆರೆದು ನುಡಿಸಲು ಹೇಳಿ. ತಬಲಾಕ್ಕೆ ದಾಯಾ-ಬಾಯಾ (ಬಲ, ಎಡಗೈಯ ತಬಲಾ) ನಡುವೆ ಒಂದೂವರೆ ಅಡಿ ಮೇಲೆ ಒಂದೇ ಮೈಕು ಸಾಕು. ಮಿಕ್ಸರಿನಲ್ಲಿ 80 ಹರ್ಟ್ಜ್ ಕೆಳಗಿನದನ್ನು ಕತ್ತರಿಸುವ ಗುಂಡಿ ಇದ್ದರೆ ದನಿಗೆ ಮಾತ್ರ ಹಾಕಿ. ಕಪ್ಪು ಒಂದಕ್ಕೆ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿಗೆ) ಕೂಡಿಸಿದ ಗಂಡು ತಂಬೂರಿಯ (ಗಂಡಸರ ದನಿಗೆ ಬಳಸುವ ದೊಡ್ಡ ತಂಬೂರಿ) ಖರಜ ತಂತಿ, ಅಂದರೆ ಕೆಳಗಿನ ಷಡ್ಜದ ತಂತಿ, ಸುಮಾರು 69 ಹರ್ಟ್ಜ್‌ನಲ್ಲಿ ನುಡಿಯುತ್ತದೆ, ಅದಕ್ಕೆ ಹಾಕಿದರೆ ಬುನಾದಿಯೇ ಹೋಯಿತು. ಗಾಯಕರು ತಾರಕ್ಕೆ (ಮೇಲಿನ ಸ್ಥಾಯಿಗೆ) ಹೋದಾಗಲೂ ಮೀಟರು ಮೈನಸ್ 12 ಡೆಸಿಬೆಲ್ ದಾಟದಿರಲಿ.

ಸಮ್_ಬಿಡಬ್ಯಾಡ್ರಿ:
ಕತ್ತರಿಸೋದು ಗಡಿಯಾರ ನೋಡಿ ಅಲ್ಲರಿ, ಆವರ್ತನ (ತಾಲದ ಒಂದು ಪೂರ್ತಿ ಸುತ್ತು) ನೋಡಿ. ವಿಲಂಬಿತ (ನಿಧಾನ ಲಯದ) ಏಕತಾಲ 12 ಮಾತ್ರೆ. ನಿಮಿಷಕ್ಕ 15 ಮಾತ್ರೆ ನಡೆದ್ರ ಒಂದು ಆವರ್ತನ 48 ಸೆಕೆಂಡ್, 12 ನಿಮಿಷಕ್ಕ 15 ಆವರ್ತನ. ಈ ಲೆಕ್ಕ ಗಾಯಕರಿಗಿ ಮೊದಲೇ ಹೇಳಿದ್ರ ಬಡಖಯಾಲ್ (ವಿಲಂಬಿತ ಲಯದ ಖಯಾಲ್) ಅವರೇ ಅಳತಿಗೆ ತರ್ತಾರ. ಆಲಾಪ 2 ನಿಮಿಷ, ವಿಲಂಬಿತ 12, ತೀನ್‌ತಾಲದ ದ್ರುತ್ (ವೇಗದ ಲಯ) 5, ಉಳಿದ 7 ವಚನಕ್ಕೋ ತತ್ವಪದಕ್ಕೋ ಇಡ್ರಿ. ಆದ್ರೂ ಕತ್ತರಿಸಬೇಕಾದ್ರ ಒಂದು ಸಮ್‌ನಿಂದ (ಆವರ್ತನದ ಮೊದಲ ಮಾತ್ರೆ) ಇನ್ನೊಂದು ಸಮ್‌ಗೆ, ಪೂರ್ತಿ ಆವರ್ತನನೇ ತೆಗೀರಿ. ಬಢತ್ (ಸ್ವರದಿಂದ ಸ್ವರಕ್ಕ ರಾಗ ಬೆಳೆಸೋದು) ಏರುವಾಗ ಮುಟ್ಟಬ್ಯಾಡ್ರಿ, ನಿಷಾದ ಹಚ್ಚಿದ ಮ್ಯಾಲ ಮತ್ತ ಗಾಂಧಾರಕ್ಕ ಬಂದ್ರ ಕೇಳೋರಿಗಿ ರಾಗನೇ ಮುರಿದಂಗ ಆಗ್ತದ. ಹಾಡೋಕಿಂತ ಮೊದಲು ಬರೇ ತಂಬೂರಿ ಎರಡು ನಿಮಿಷ ಹಿಡಿದಿಟ್ಕೊಳ್ರಿ, ಜೋಡಿಸಿದ ಜಾಗದ ಕೆಳಗ ಅದನ್ನ ಹರಿಸಬಹುದು. ಮಾಲಕಂಸ ರಾಗಕ್ಕ ಪಂಚಮದ ತಂತಿ ಮಧ್ಯಮಕ್ಕ ಕೂಡಿಸಿರ್ತಾರ, ಬ್ಯಾರೆ ದಿನದ ತಂಬೂರಿ ತಂದು ಹಚ್ಚಬ್ಯಾಡ್ರಿ.

ಮರುಪ್ರಸಾರದ ವೇಳೆನೂ ನೋಡ್ರಿ. ರಾತ್ರಿ ಹಾಕಿದ ಬಾಗೇಶ್ರೀ ರಾಗ ಮುಂಜಾನೆ 7ಕ್ಕ ಬಂದ್ರ ರಾಗದ ಸಮಯಕ್ಕೇ ಅಪಚಾರ.

ಏಕತಾರಿ:
ತತ್ವಪದಕ್ಕೆ ಮೈಕಿನ ಲೆಕ್ಕ ಬೇರೆ. ಮುಂದೆ ಹಾಡುವವರಿಗೆ ಒಂದು ಮೈಕು, ಹಿಮ್ಮೇಳಕ್ಕೆ ನಾಲ್ಕು ಅಡಿ ದೂರದಲ್ಲಿ ಇನ್ನೊಂದು, ಎಲ್ಲರೂ ಅರ್ಧಚಂದ್ರಾಕಾರದಲ್ಲಿ ಕೂರಲಿ. ತಾಳ (ಕಂಚಿನ ಬಟ್ಟಲು) ಹಿಡಿದವರು ಎಲ್ಲರಿಗಿಂತ ಹಿಂದೆ, ಇಲ್ಲದಿದ್ದರೆ ಮೀಟರು ತಾಳಕ್ಕೇ ಕೆಂಪಾಗುತ್ತದೆ. ಎಲೆಕ್ಟ್ರಾನಿಕ್ ತಂಬೂರಿ ಬೇಡ. ಹಾಡುಗಾರರು ಹಿಡಿದ ಏಕತಾರಿಯ ಶ್ರುತಿ ಅದಕ್ಕೆ ಕೂಡಿ ಬರದೇ ಇರಬಹುದು.

ಎಲ್ಲಕ್ಕಿಂತ ಮುಖ್ಯ: ವೇಳೆ ಆಯಿತೆಂದು ಕೊನೆಯ ನುಡಿಯ ಮೇಲೆ ದನಿ ಇಳಿಸಬೇಡಿ. ಅಂಕಿತ (ಪದ ಕಟ್ಟಿದವರ ಗುರುತಿನ ಹೆಸರು) ಬರುವುದೇ ಅಲ್ಲಿ. ಅದನ್ನು ನುಂಗಿದರೆ ಪದ ತತ್ವಪದಕಾರ ಕಡಕೋಳ ಮಡಿವಾಳಪ್ಪನವರದೋ ಅವರ ಶಿಷ್ಯರದೋ ಎಂಬ ಗುರುತೇ ಪ್ರಸಾರದಲ್ಲಿ ಉಳಿಯುವುದಿಲ್ಲ. ಸಮಯ ಸಾಲದಿದ್ದರೆ ಪಲ್ಲವಿಯ ಪುನರಾವರ್ತನೆ ಕಡಿಮೆ ಮಾಡಿಸಿ. ಏಕತಾರಿ, ದಮ್ಮಡಿ (ಕೈಯಲ್ಲಿ ಹಿಡಿದು ಬಾರಿಸುವ ಚರ್ಮವಾದ್ಯ), ತಾಳದವರ ಹೆಸರುಗಳನ್ನೂ ನಿರೂಪಣೆಯಲ್ಲಿ ಓದಿ. ಒಪ್ಪಿಗೆ ಪತ್ರದಲ್ಲಿ ಪ್ರಸಾರ, ಮರುಪ್ರಸಾರ, ಯೂಟ್ಯೂಬ್ ಮೂರಕ್ಕೂ ಬೇರೆ ಬೇರೆ ಸಹಿ ಇರಲಿ. ಕನ್ನಡದಲ್ಲೇ ಬರೆದು, ಸಹಿಗೆ ಮುಂಚೆ ಓದಿ ಹೇಳಿ.