ಅಲೆಕ್ಸಾಂಡರನ ನಾಣ್ಯ ಅಂತ ಮಾರಲು ಬಂದಿದ್ದಾರೆ, ತಗೊಳ್ಳಬಹುದೇ?

ಪ್ರಶ್ನೆ: ನಮಸ್ಕಾರ ಸರ್. ಪರಿಚಯದವರೊಬ್ಬರು ಪುಟ್ಟ ಬೆಳ್ಳಿ ನಾಣ್ಯ ತಂದು, ಇದು ಅಲೆಕ್ಸಾಂಡರನದು, ತುಂಬ ಅಪರೂಪ ಅಂತಿದ್ದಾರೆ. ಒಂದು ಕಡೆ ತಲೆಗೆ ಪಟ್ಟಿ ಕಟ್ಟಿದ ರಾಜ, ಇನ್ನೊಂದು ಕಡೆ ಗುರಾಣಿ ಹಿಡಿದ ಹೆಂಗಸು. ತೂಕ 2.4 ಗ್ರಾಂ. ಎರಡೂ ಮುಖದ ಫೋಟೊ ಹಾಕಿದ್ದೇನೆ.

ಉತ್ತರ: ಇದು ಅಲೆಕ್ಸಾಂಡರನದಲ್ಲ. ಅವನ ದ್ರಾಕ್ಮಾ (ಗ್ರೀಕರ ಬೆಳ್ಳಿ ನಾಣ್ಯ) ಸುಮಾರು 4.3 ಗ್ರಾಂ ತೂಗುತ್ತದೆ. ಅದರಲ್ಲಿ ಒಂದು ಕಡೆ ಸಿಂಹದ ಚರ್ಮ ಹೊದ್ದ ಗ್ರೀಕ್ ವೀರ ಹೆರಾಕ್ಲಿಸ್, ಇನ್ನೊಂದು ಕಡೆ ಕೂತ ಗ್ರೀಕ್ ದೇವರಾಜ ಝ್ಯೂಸ್ ಇರುತ್ತಾರೆ. ನಿಮ್ಮದರಲ್ಲಿರುವುದು ಸಿಡಿಲು ಎಸೆಯುತ್ತಿರುವ ಗ್ರೀಕರ ಅಥೀನಾ ದೇವಿ. ರಾಜನ ಸುತ್ತ ಗ್ರೀಕ್‌ನಲ್ಲಿ 'ಬಸಿಲಿಯೋಸ್ ಸೋಟೆರೋಸ್ ಮೆನಾಂಡ್ರೂ' ಎಂದಿದೆ. ದೇವಿಯ ಸುತ್ತ ಇರುವುದು ವಾಯವ್ಯ ಭಾರತದ ಹಳೆಯ ಲಿಪಿ ಖರೋಷ್ಠಿ, ಬಲದಿಂದ ಎಡಕ್ಕೆ ಓದಬೇಕು: 'ಮಹರಜಸ ತ್ರತರಸ ಮೆನಂದ್ರಸ'. ಎರಡರ ಅರ್ಥವೂ 'ರಕ್ಷಕನಾದ ಮೆನಾಂಡರ್ ರಾಜನ (ನಾಣ್ಯ)' ಎಂದೇ. ಕ್ರಿ.ಪೂ. 2ನೇ ಶತಮಾನದಲ್ಲಿ ಪಂಜಾಬು, ಗಾಂಧಾರ ಆಳಿದ ಗ್ರೀಕ್ ರಾಜ ಮೆನಾಂಡರ್ ಇವನು. ಬೌದ್ಧರ 'ಮಿಲಿಂದ ಪನ್ಹ'ದಲ್ಲಿ ನಾಗಸೇನ ಭಿಕ್ಷುವಿಗೆ ಪ್ರಶ್ನೆ ಹಾಕುವ ಮಿಲಿಂದ ರಾಜನೂ ಇವನೇ. ಹೀಗೆ ಎರಡು ಲಿಪಿಯಲ್ಲಿ ಒಂದೇ ಒಕ್ಕಣೆ ಇರುವ ನಾಣ್ಯಗಳ ನೆರವಿನಿಂದಲೇ 1830ರ ದಶಕದಲ್ಲಿ ಇಂಗ್ಲಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ ಖರೋಷ್ಠಿ ಓದಲು ದಾರಿ ಮಾಡಿದ್ದು.

ಆದರೆ ಮೆನಾಂಡರನ ದ್ರಾಕ್ಮಾ ಅಪರೂಪದ್ದಲ್ಲ, ಧಾರಾಳವಾಗಿ ಸಿಗುತ್ತದೆ. ಅಪರೂಪ ಅಂತ ಹೆಚ್ಚು ದುಡ್ಡು ಕೇಳಿದರೆ ಕೊಡಬೇಡಿ. ನಕಲಿಗಳೂ ಬಹಳ. ಅಸಲಿಯನ್ನು ಅಚ್ಚಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆದು ಟಂಕಿಸುತ್ತಿದ್ದರು. ಎರಕ ಹೊಯ್ದ ನಕಲಿಯ ಅಂಚಿನಲ್ಲಿ ಸಾಮಾನ್ಯವಾಗಿ ಸಣ್ಣ ಗೆರೆ, ಮೈಮೇಲೆ ಗುಳ್ಳೆಯ ತೂತು ಕಾಣುತ್ತವೆ, ಅಕ್ಷರದ ಅಂಚು ಮೊಂಡಾಗಿರುತ್ತದೆ. ಅಂಚಿನ ಫೋಟೊ ಹಾಕಿ, ಅದನ್ನು ನೋಡದೆ ಅಸಲಿ ಅನ್ನಲಾರೆ.

ಇನ್ನೊಬ್ಬ ಸದಸ್ಯರು: ಸರ್, ಹಾಗಾದರೆ ನಿಜಕ್ಕೂ ಅಪರೂಪದ್ದು ಯಾವುದು?

ಉತ್ತರ: ನನ್ನ ಮಟ್ಟಿಗೆ ಗ್ರೀಕ್ ರಾಜ ಅಗಥೋಕ್ಲಿಸ್‌ನದು. 1970ರಲ್ಲಿ ಅಫ್ಘಾನಿಸ್ತಾನದ ಐ ಖಾನುಮ್‌ನಲ್ಲಿ ಫ್ರೆಂಚ್ ಪುರಾತತ್ವಜ್ಞರಿಗೆ ಅವನ ಆರು ಚೌಕ ಬೆಳ್ಳಿ ನಾಣ್ಯ ಸಿಕ್ಕವು. ಒಂದು ಮುಖದಲ್ಲಿ ನೇಗಿಲು ಹಿಡಿದ ಬಲರಾಮ, ಇನ್ನೊಂದರಲ್ಲಿ ಚಕ್ರ ಹಿಡಿದ ವಾಸುದೇವ! ಒಂದು ಕಡೆ ಗ್ರೀಕ್ ಬರಹ, ಇನ್ನೊಂದು ಕಡೆ ಬ್ರಾಹ್ಮಿ. ಗ್ರೀಕ್ ರಾಜನೊಬ್ಬ ನಮ್ಮ ದೇವರನ್ನು ತನ್ನ ನಾಣ್ಯಕ್ಕೆ ಹಾಕಿಸಿದ್ದನ್ನು ನೋಡಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ಈ ಅಗಥೋಕ್ಲಿಸ್ ಬಗ್ಗೆ ಯಾವ ಚರಿತ್ರೆಕಾರನೂ ಬರೆದಿಟ್ಟಿಲ್ಲ. ಇಂಡೋ-ಗ್ರೀಕ್ ರಾಜರಲ್ಲಿ (ವಾಯವ್ಯ ಭಾರತದ ಕಡೆ ಆಳಿದ ಗ್ರೀಕ್ ರಾಜರು) ಹೆಚ್ಚಿನವರ ಹೆಸರು ಉಳಿದಿರುವುದು ನಾಣ್ಯದಲ್ಲಷ್ಟೇ. ಅದಕ್ಕೇ ಯಾವ ನಾಣ್ಯ ಎಲ್ಲಿ, ಯಾವುದರ ಜೊತೆ ಸಿಕ್ಕಿತು ಅನ್ನುವುದು ಕಳೆದುಹೋದರೆ ಆ ರಾಜನ ಕಥೆಯೂ ಅರ್ಧ ಹೋದ ಹಾಗೆ.

ಪ್ರಶ್ನೆ ಕೇಳಿದವರು: ಧನ್ಯವಾದ ಸರ್. ಕಾನೂನಿನ ತೊಂದರೆ ಏನಾದರೂ ಇದೆಯೇ?

ಉತ್ತರ: ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತುಗಳ ಕಾಯ್ದೆಗೆ ಬರುತ್ತದೆ. ಮಾರಾಟದ ವ್ಯಾಪಾರ ಮಾಡುವವರಿಗೆ ಲೈಸೆನ್ಸ್ ಬೇಕು, ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಮಾರುವವರ ಹತ್ತಿರ ಲೈಸೆನ್ಸ್ ಇದೆಯೇ, ನಾಣ್ಯ ಎಲ್ಲಿಂದ ಬಂತು ಅಂತ ಕೇಳಿ. ಬರಹದಲ್ಲಿ ಬಿಲ್ ಕೊಡಲು ಹಿಂದೆಮುಂದೆ ನೋಡಿದರೆ ಬಿಟ್ಟುಬಿಡಿ.