ಹಗಲಿನಲ್ಲೂ ಬಾಗಿಲಿಗೆ ಬೀಗ ಬೇಕೇ?

ಪ್ರಶ್ನೆ: ಮೈಸೂರಿನಲ್ಲಿ ನಮ್ಮದು ನೆಲಮಹಡಿಯ ಮನೆ. ತೀರ್ಥಹಳ್ಳಿ ಕಡೆಯ ಹಳ್ಳಿಯಿಂದ ಬಂದ ನನ್ನ 72 ವರ್ಷದ ತಾಯಿಗೆ ಹಗಲೆಲ್ಲ ಮುಂಬಾಗಿಲು ತೆರೆದಿಟ್ಟು, ಹೊಸ್ತಿಲ ಬಳಿ ಕುಳಿತು ಹೂ ಕಟ್ಟುವ ರೂಢಿ. ಕಳೆದ ವಾರ ಅವರು ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಯಾರೋ ಒಳಗೆ ಬಂದು ಮೊಬೈಲ್ ಎತ್ತಿಕೊಂಡು ಹೋದರು. ನಾನು ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಬೀಗ ಹಾಕಿ, ಕಿಟಕಿಗಳನ್ನೂ ಮುಚ್ಚಿ ಹೋಗುವುದು ಸರಿಯೇ?

ಉತ್ತರ: ದಯವಿಟ್ಟು ಹೊರಗಿನಿಂದ ಬೀಗ ಹಾಕಬೇಡಿ. ಕಿಟಕಿಗಳಿಗೆಲ್ಲ ಸರಳುಗಳಿರುವ ಮನೆಯಲ್ಲಿ ಬೆಂಕಿ ಹೊತ್ತಿಕೊಂಡರೆ ಹೊರಬರಲು ಬಾಗಿಲೊಂದೇ ದಾರಿ. ಅದರ ಬೀಗದ ಕೈ ನಿಮ್ಮ ಜೇಬಿನಲ್ಲಿದ್ದರೆ ತಾಯಿಯವರು ಏನು ಮಾಡಬೇಕು? ಒಳಗಿನಿಂದ ಕೀಲಿಯಿಲ್ಲದೆ ತೆರೆಯಬಹುದಾದ ಚಿಲಕವೇ ಕ್ಷೇಮ. ಅಡುಗೆಮನೆಯ ಕಿಟಕಿಯನ್ನಂತೂ ಮುಚ್ಚಿಡಬೇಡಿ. ಅಡುಗೆ ಅನಿಲವು ಗಾಳಿಗಿಂತ ಭಾರವಾದುದರಿಂದ, ಸೋರಿದಾಗ ಮೇಲೇರದೆ ನೆಲದ ಮಟ್ಟದಲ್ಲಿ ಶೇಖರವಾಗುತ್ತದೆ. ವಾಸನೆ ಬಂದರೆ ಸ್ವಿಚ್ ಮುಟ್ಟದೆ, ರೆಗ್ಯುಲೇಟರ್ ಆರಿಸಿ, ಬಾಗಿಲು ತೆರೆಯುವಂತೆ ಅವರಿಗೆ ಹೇಳಿಕೊಡಿ.

ಮತ್ತೊಂದು ಉತ್ತರ: ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ತೆರೆದ ಕಿಟಕಿಯೂ ನಿರಪಾಯವಲ್ಲ. ನಮ್ಮ ಮನೆಯಲ್ಲಿ ಸರಳುಗಳ ನಡುವೆ ಕೋಲು ತೂರಿಸಿ, ಗೂಟಕ್ಕೆ ನೇತುಹಾಕಿದ್ದ ಕೈಚೀಲವನ್ನು ಎಳೆದುಕೊಂಡಿದ್ದರು. ಸೊಳ್ಳೆಯ ಜಾಲರಿ ಹಾಕಿಸಿ, ಕಿಟಕಿಯ ಬಳಿ ಏನನ್ನೂ ಇಡಬೇಡಿ. ತುರ್ತು ಸಹಾಯದ 112 ಸಂಖ್ಯೆಯನ್ನು ದೂರವಾಣಿಯ ಪಕ್ಕದಲ್ಲೇ ದಪ್ಪ ಅಕ್ಷರಗಳಲ್ಲಿ ಬರೆದು ಅಂಟಿಸಿ.

ಇನ್ನೊಂದು ಉತ್ತರ: ಮುಂಬಾಗಿಲಿಗೆ ಹೊರಗಡೆ ಒಂದು ಕಬ್ಬಿಣದ ಗ್ರಿಲ್ ಬಾಗಿಲು ಮಾಡಿಸಿ, ಒಳಗಿನಿಂದ ಚಿಲಕ ಕೊಡಿಸಿ. ಅಮ್ಮ ಮೊದಲಿನಂತೆಯೇ ಹೊಸ್ತಿಲ ಬಳಿ ಕುಳಿತು, ಹೂ ಕಟ್ಟುತ್ತಾ, ನೆರೆಯವರೊಂದಿಗೆ ಮಾತನಾಡುತ್ತಿರಲಿ.